ನಿಮಗಿದು ಗೊತ್ತೆ? ಸಾವನದುರ್ಗವನ್ನು ಚಿತ್ರಿಸಿದ ರಾಬರ್ಟ್ ಹೋಮ್

ಮಾಗಡಿಯ ಸಾವನದುರ್ಗ, ರಾಮನಗರದ ರಾಮಗಿರಿ ಬೆಟ್ಟಗಳ ಚಿತ್ರಗಳು 1794ರಲ್ಲೇ ಲಂಡನ್ನಿನಲ್ಲಿ ಅಚ್ಚಾಗಿದ್ದವು! ಕ್ಯಾಮೆರಾ ಹುಟ್ಟುವ ಮೊದಲಿನ ಮಾತಿದು. ಬರೆದವನು ರಾಬರ್ಟ್ ಹೋಮ್.

1752ರಲ್ಲಿ ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಹುಟ್ಟಿದ ಹೋಮ್, ಹೆಸರಾಂತ ಕಲಾವಿದೆ ಏಂಜೆಲಿಕಾ ಕಾಫ್‌ಮನ್ ಬಳಿ ಕಲಿತು, ರೋಮ್‌ನಲ್ಲಿ ಪಳಗಿ, ಡಬ್ಲಿನ್‌ನಲ್ಲಿ ಭಾವಚಿತ್ರ ಬರೆದು ಬದುಕಿದವನು. 1791ರಲ್ಲಿ ಮದರಾಸಿಗೆ ಬಂದಿಳಿದ. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಹೊರಟಿದ್ದ ಬ್ರಿಟಿಷ್ ದಂಡನಾಯಕ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ನಮ್ಮ ಸೀಮೆಗೆ ಕಾಲಿಟ್ಟ. ಅದೇ ವರ್ಷದ ಡಿಸೆಂಬರ್ 21ರಂದು ಸಾವನದುರ್ಗ ಬ್ರಿಟಿಷರ ವಶವಾಯಿತು.

ಸಾವನದುರ್ಗವೆಂದರೆ ಕರಿಗುಡ್ಡ, ಬಿಳಿಗುಡ್ಡ ಎಂಬ ಜೋಡಿ ಬಂಡೆ, ಮಳೆನೀರು ಇಳಿದಿಳಿದು ಮೂಡಿದ ಕಪ್ಪು ಗೆರೆಗಳು. ಇಂದಿಗೂ ಕಣ್ಣಿಗೆ ಕಟ್ಟುವ ನೋಟವದು. ರಾಮಗಿರಿಯ ನೆತ್ತಿಯಿಂದ ಕಾಣುವ ನೋಟವನ್ನೂ ಹೋಮ್ ಬಿಡಲಿಲ್ಲ. ಗೆದ್ದವರ ಕಡೆಯ ಕುಂಚವೇನೋ ನಿಜ, ಆದರೂ ಈ ಬೆಟ್ಟಗಳ ಅತ್ಯಂತ ಹಳೆಯ ಚಿತ್ರಗಳಲ್ಲಿ ಇವೂ ಸೇರಿವೆ, ನಮಗೆ ಅಮೂಲ್ಯ.

ಮುಂದೆ ಲಖನೌದಲ್ಲಿ ಆಸ್ಥಾನ ಕಲಾವಿದನಾದ ಹೋಮ್ ತಾಯ್ನಾಡಿಗೆ ಮರಳಿ ನೆಲೆಸಲಿಲ್ಲ. 1834ರಲ್ಲಿ ಕಾನ್ಪುರದಲ್ಲಿ ತೀರಿಕೊಂಡ. ಅವನ ಚಿತ್ರಗಳ ಪ್ರತಿಗಳು ರಾಮನಗರ, ಮಾಗಡಿಯ ಶಾಲೆಗಳ ಗೋಡೆಗಳ ಮೇಲೂ ಇರಲಿ. ತಮ್ಮೂರಿನ ಬೆಟ್ಟ ಹೇಗಿತ್ತೆಂದು ಮಕ್ಕಳು ನೋಡಲಿ.