ವಾಹಕ ಆರ್‌.ಎನ್‌.ಎ.ಗೆ ಅಮೈನೋ ಆಮ್ಲವು ಸೇರುವ ಬಗೆ

ಒಂದು ಭಾಷೆಯ ಮಾತನ್ನು ಮತ್ತೊಂದಕ್ಕೆ ತಿರುಗಿಸುವವನು ಎರಡು ಭಾಷೆಗಳನ್ನೂ ಬಲ್ಲವನಾಗಿರಬೇಕಷ್ಟೆ. ನಾಲ್ಕು ಅಕ್ಷರಗಳ ಲಿಪಿಯಲ್ಲಿರುವ ಜೀವಕೋಶದ ಸಂದೇಶವು ಇಪ್ಪತ್ತು ಅಮೈನೋ ಆಮ್ಲಗಳಿಂದಾದ ಪ್ರೋಟೀನಾಗಿ ಪರಿಣಮಿಸುವುದನ್ನೂ ಜೀವಶಾಸ್ತ್ರಜ್ಞರು ಭಾಷಾಂತರವೆಂದೇ ಕರೆಯುತ್ತಾರೆ. ಇಲ್ಲಿ ಎರಡು ಭಾಷೆಗಳನ್ನೂ ಬಲ್ಲುದು ಯಾವುದು?

ಇವೆರಡರ ನಡುವೆ ಮಧ್ಯಸ್ಥವಾದ ಅಣುವೊಂದು ಇರಬೇಕೆಂದು ಫ್ರಾನ್ಸಿಸ್ ಕ್ರಿಕ್ಕನು 1955ರಲ್ಲಿ ಊಹಿಸಿದನು. 1958ರಲ್ಲಿ ಹೋಗ್ಲಂಡ್, ಜಮೆಕ್ನಿಕ್ ಮೊದಲಾದವರು ಅಂತಹ ಅಣುವನ್ನು ವರ್ಣಿಸಿದರು. ಅದೇ ವಾಹಕ ಆರ್‌.ಎನ್‌.ಎ. ಇದರ ಒಂದೆಡೆಯಲ್ಲಿ ಸಂದೇಶದ ಮೂರಕ್ಷರಗಳಿಗೆ ಹೊಂದುವ ಪ್ರತಿಸಂಕೇತವಿದೆ. ಸಿ-ಸಿ-ಎ ಎಂಬ ಅಕ್ಷರಗಳಲ್ಲಿ ಮುಗಿಯುವ ತುದಿಗೆ ಅಮೈನೋ ಆಮ್ಲವು ಸೇರುತ್ತದೆ.

ಈ ಕೂಡಿಕೆಯನ್ನು ನಡೆಸುವುವು ಸಿಂಥಟೇಸ್ ಎಂಬ ಕಿಣ್ವಗಳು. ಕಾರ್ಯವು ಎರಡು ಹಂತಗಳಲ್ಲಿ ನಡೆಯುವುದು. ಮೊದಲು ಕಿಣ್ವವು ಅಮೈನೋ ಆಮ್ಲವನ್ನು ಎ.ಟಿ.ಪಿ.ಯೊಡನೆ ಬೆಸೆದು, ಪೈರೊಫಾಸ್ಫೇಟನ್ನು ಕಳಚಿ, ಅದನ್ನು ಚುರುಕುಗೊಳಿಸುತ್ತದೆ. ಬಳಿಕ ಅದನ್ನು ವಾಹಕದ ಕೊನೆಯ ಅಡೆನೊಸಿನ್ನಿಗೆ ವರ್ಗಾಯಿಸುತ್ತದೆ.

ಹೀಗೆ ಕೂಡಿದುದನ್ನು ಪ್ರೋಟೀನು ಕಟ್ಟುವ ರೈಬೋಸೋಮು ಮತ್ತೆ ಪರೀಕ್ಷಿಸುವುದೇ? 1962ರಲ್ಲಿ ಶಾಪ್ವಿಲ್ ಮತ್ತು ಸಂಗಡಿಗರು ಸಿಸ್ಟೀನಿನ ವಾಹಕಕ್ಕೆ ಸೇರಿದ್ದ ಸಿಸ್ಟೀನನ್ನು ರಾಸಾಯನಿಕ ಕ್ರಿಯೆಯಿಂದ ಅಲನೀನಾಗಿ ಮಾರ್ಪಡಿಸಿದರು. ಆಗ ಸಿಸ್ಟೀನು ಬರಬೇಕಾದೆಡೆಯಲ್ಲಿ ಅಲನೀನೇ ಬಂದಿತು. ರೈಬೋಸೋಮು ವಾಹಕವನ್ನು ನಂಬುತ್ತದೆಯೇ ಹೊರತು ಅದು ಹೊತ್ತ ಆಮ್ಲವನ್ನು ನೋಡುವುದಿಲ್ಲ. ಆದುದರಿಂದ ಜೀವಿಯ ನಿಜವಾದ ನಿಘಂಟು ಇರುವುದು ಸಿಂಥಟೇಸುಗಳಲ್ಲಿ. ಅಲ್ಲಿ ತಪ್ಪಿದರೆ ಪ್ರೋಟೀನಿನಲ್ಲಿಯೂ ತಪ್ಪುವುದು.

ಈ ಹೊಣೆ ಸುಲಭವಾದುದಲ್ಲ. ಐಸೊಲ್ಯೂಸೀನಿಗೂ ವ್ಯಾಲೀನಿಗೂ ಇರುವ ಭೇದ ಒಂದು ಇಂಗಾಲ, ಎರಡು ಜಲಜನಕ ಪರಮಾಣುಗಳು ಮಾತ್ರ. ಆಕಾರವನ್ನಷ್ಟೇ ನೋಡಿ ಆರಿಸಿದರೆ ಸುಮಾರು 20ಕ್ಕೆ ಒಂದು ತಪ್ಪಾಗಬಹುದೆಂದು ಪೌಲಿಂಗನು 1957ರಲ್ಲಿ ಗಣಿಸಿದ್ದನು. ವಾಸ್ತವವಾಗಿ ಪ್ರೋಟೀನುಗಳಲ್ಲಿ ಕಂಡುಬಂದುದು ಸುಮಾರು 3,000ಕ್ಕೆ ಒಂದು. ಕಾರಣವೇನೆಂದರೆ, ಕಿಣ್ವಕ್ಕೆ ಎರಡು ಜರಡಿಗಳಿವೆ. ಮೊದಲನೆಯದು ಐಸೊಲ್ಯೂಸೀನಿಗಿಂತ ದೊಡ್ಡವನ್ನು ತಡೆಯುತ್ತದೆ. ಎರಡನೆಯದರೊಳಗೆ ಚಿಕ್ಕದಾದ ವ್ಯಾಲೀನು ನುಸುಳಿ ಕಡಿದುಬೀಳುತ್ತದೆ, ಐಸೊಲ್ಯೂಸೀನು ಅಲ್ಲಿ ಹಿಡಿಸದೆ ಉಳಿದುಕೊಳ್ಳುತ್ತದೆ. ಈ. ಕೋಲಿ ಬ್ಯಾಕ್ಟೀರಿಯದ ಕಿಣ್ವವು ತಪ್ಪಾಗಿ ಚುರುಕುಗೊಳಿಸಿದ ವ್ಯಾಲೀನನ್ನು ತಾನೇ ಒಡೆದುಬಿಡುವುದೆಂದು ಬರ್ಗ್ ಮತ್ತು ಸಹೋದ್ಯೋಗಿಗಳು 1960ರ ದಶಕದಲ್ಲಿ ತೋರಿಸಿದರು. ಎರಡು ಜರಡಿಗಳ ವಾದವನ್ನು 1977ರಲ್ಲಿ ಮಂಡಿಸಿದವನು ಫೆರ್ಷ್ಟ್.

ಪ್ರತಿಯೊಂದು ಆಮ್ಲಕ್ಕೂ ಒಂದು ಕಿಣ್ವವಿರಲೇಬೇಕೆಂಬ ನಿಯಮವೂ ಇಲ್ಲ. ಈ. ಕೋಲಿಯಲ್ಲಿ ಗ್ಲುಟಮೀನಿಗೆ ಪ್ರತ್ಯೇಕ ಸಿಂಥಟೇಸಿದೆ. ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಅದಿಲ್ಲ. ಅಲ್ಲಿ ಗ್ಲುಟಮೀನಿನ ವಾಹಕಕ್ಕೆ ಮೊದಲು ಗ್ಲುಟಾಮಿಕ್ ಆಮ್ಲವೇ ಸೇರುತ್ತದೆ. ಅನಂತರ ಬೇರೊಂದು ಕಿಣ್ವವು ವಾಹಕದ ಮೇಲಿರುವಾಗಲೇ ಅದನ್ನು ಗ್ಲುಟಮೀನಾಗಿ ತಿದ್ದುತ್ತದೆ. ಮೊದಲು ತಪ್ಪು ಬರೆದು ಬಳಿಕ ತಿದ್ದುವ ಈ ಪದ್ಧತಿಯನ್ನು ಅನೇಕ ಬ್ಯಾಕ್ಟೀರಿಯಗಳು ಅನುಸರಿಸುತ್ತವೆ.

ಈ ವಿಚಾರಕ್ಕೆ ವೈದ್ಯಕದಲ್ಲಿಯೂ ಪ್ರಯೋಜನವಿದೆ. ಮ್ಯೂಪಿರೊಸಿನ್ ಎಂಬ ಔಷಧವು ಬ್ಯಾಕ್ಟೀರಿಯದ ಐಸೊಲ್ಯೂಸೀನ್ ಸಿಂಥಟೇಸನ್ನು ತಡೆಯುತ್ತದೆ. ಮನುಷ್ಯನ ಕಿಣ್ವವು ಬಹುಮಟ್ಟಿಗೆ ಅದಕ್ಕೆ ಸಿಕ್ಕುವುದಿಲ್ಲ. ನಿಘಂಟಿನ ಒಂದೇ ಪದವು ಅಳಿಸಿಹೋದರೂ ಸೂಕ್ಷ್ಮಜೀವಿಯ ಭಾಷಾಂತರವು ನಿಂತುಹೋಗುವುದೆಂಬುದಕ್ಕೆ ಇದು ನಿದರ್ಶನ.