ಏರ್‌ಗನ್‌ಗೆ ಹೊಸ ಹೊಳಪು: ಮರ ಉಜ್ಜಿ, ಸ್ಪ್ರಿಂಗ್ ಮುಟ್ಟಬೇಡಿ

ಶಿಕಾರಿಪುರ, ಸೊರಬದ ಕಡೆ ಹಳೇ ಏರ್‌ಗನ್‌ಗಳಿಗೆ ಮಳೆಗಾಲವೇ ಶತ್ರು. ನಳಿಗೆಗೆ ತುಕ್ಕು, ಮರದ ಹಿಡಿಗೆ ಬೂಷ್ಟು. ಅಂಥವನ್ನು ಹೊಸದು ಮಾಡೋದು ನನ್ನ ಹವ್ಯಾಸ.

ಮೊದಲು ಒಳಗೆ ಗುಂಡಿಲ್ಲ, ಸ್ಪ್ರಿಂಗ್ ಎಳೆದಿಲ್ಲ ಅಂತ ಖಚಿತ ಮಾಡ್ಕೊಳ್ಳಿ. ಸ್ಕ್ರೂ ತೆಗೆದು ಹಿಡಿ ಬೇರ್ಪಡಿಸಿ. 120, 240, 400 ನಂಬರ್ ಸ್ಯಾಂಡ್ ಪೇಪರ್‌ನಿಂದ ಕ್ರಮವಾಗಿ, ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ. ಪೇಂಟ್ ಅಂಗಡಿಯ ಲಿನ್ಸೀಡ್ ಎಣ್ಣೆ ತೆಳ್ಳಗೆ ಸವರಿ, ಹೆಚ್ಚಾದದ್ದು ಒರೆಸಿ. ಪೂರ್ತಿ ಒಣಗಿದ ಮೇಲೇ ಮುಂದಿನ ಕೋಟ್.

ಒರೆಸಿದ ಬಟ್ಟೆ ಮುದ್ದೆ ಮಾಡಿ ಹುಲ್ಲಿನ ಬಣವೆ ಹತ್ತಿರ ಎಸೀಬೇಡಿ. ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ನೆನೆಸಿ, ಬಿಡಿಸಿ ಹರವಿ ಒಣಗಿಸಿ. ನಳಿಗೆಯ ಹೊರಮೈಗೆ ಮಷಿನ್ ಆಯಿಲ್ ಸಾಕು, ಸಿಲಿಂಡರ್ ಒಳಗೆ ಬಿಡಬೇಡಿ.

"ಗಟ್ಟಿ ಸ್ಪ್ರಿಂಗ್ ಹಾಕಿಕೊಡಣ್ಣ" ಅನ್ನೋರಿಗೆ ನಾನು ಒಪ್ಪಲ್ಲ. ಒತ್ತಡದಲ್ಲಿರೋ ಸ್ಪ್ರಿಂಗ್ ಬಿಚ್ಚುವಾಗ ಮುಖಕ್ಕೇ ಸಿಡಿಯಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಶಕ್ತಿ 20 ಜೂಲ್ ಅಥವಾ ನಳಿಗೆಯ ಒಳವ್ಯಾಸ 4.5 ಮಿ.ಮೀ. ದಾಟಿದರೆ ಪರವಾನಗಿ ಬೇಕು. ಮೆಕ್ಕೆಜೋಳಕ್ಕೆ ಬಂದ ಮಂಗ, ನವಿಲಿಗೆ ಹೊಡೆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸು. ಗುರಿ ಕಾಗದದ ಮೇಲಿರಲಿ, ಹಿಂದೆ ದಪ್ಪ ಮಣ್ಣಿನ ದಿಬ್ಬವಿರಲಿ.