ಎರಡನೆಯ ತರಗತಿಯ ಕೋಣೆಯಲ್ಲಿ ಭೌತವಿಜ್ಞಾನ

ಬೀಜಗಣಿತವನ್ನೂ ತ್ರಿಕೋನಮಿತಿಯನ್ನೂ ದಾಟಿ ಬಂದ ವಿದ್ಯಾರ್ಥಿಗೆ ಎರಡನೆಯ ತರಗತಿಯ ಪಾಠಗಳು ಬಲು ಸುಲಭವೆಂದು ತೋರುವುದು ಸಹಜ. ಕಡ್ಡಿಗಳನ್ನು ಎಣಿಸುವುದು, ಎರಡಂಕಿಯ ಲೆಕ್ಕ ಮಾಡುವುದು, ಮೇಜನ್ನು ಗೇಣಿನಿಂದ ಅಳೆಯುವುದು, ಲೋಟದಿಂದ ಚೆಂಬಿಗೆ ನೀರು ತುಂಬುವುದು - ಇವುಗಳಲ್ಲಿ ಕಲಿಯತಕ್ಕದ್ದು ಏನಿದೆ ಎಂದು ಕೇಳುವವರೂ ಉಂಟು. ಆದರೆ ಏಳು ವರ್ಷದ ಆಸುಪಾಸಿನ ಮಗು ಆ ಒಂದು ವರ್ಷದಲ್ಲಿ ಸಾಧಿಸುವ ಕೆಲಸ ಸಾಮಾನ್ಯವಾದುದಲ್ಲ. ಕಣ್ಣಿಗೆ ಕಾಣುವ ಬದಲಾವಣೆಯ ನಡುವೆ ಬದಲಾಗದೆ ಉಳಿಯುವುದು ಯಾವುದು ಎಂಬ ಪ್ರಶ್ನೆಯನ್ನು ಅದು ಆಗ ಎದುರಿಸುತ್ತದೆ. ಭೌತವಿಜ್ಞಾನದ ಬುಡದಲ್ಲಿರುವ ಪ್ರಶ್ನೆಯೂ ಇದೇ. ಶಕ್ತಿಯ ರೂಪ ಬದಲಾದರೂ ಮೊತ್ತ ಬದಲಾಗದು, ಎರಡು ಗೋಲಿಗಳು ಡಿಕ್ಕಿ ಹೊಡೆದಾಗ ಒಂದೊಂದರ ವೇಗ ಬದಲಾದರೂ ಅವುಗಳ ಒಟ್ಟು ಸಂವೇಗ ಬದಲಾಗದು ಎಂದು ನಾವು ಕಾಲೇಜಿನಲ್ಲಿ ಓದುತ್ತೇವೆ. ಈ ಬಗೆಯ ವಿಚಾರದ ಮೊದಲ ಪಾಠಗಳು ನಡೆಯುವುದು ಸಣ್ಣ ಮಕ್ಕಳ ಆ ಕೋಣೆಯಲ್ಲಿ.

ನೀರಿನ ಲೋಟಗಳು

ಒಂದೇ ಅಳತೆಯ ಎರಡು ಲೋಟಗಳಲ್ಲಿ ಸಮನಾಗಿ ನೀರು ತುಂಬಿ ಮಗುವಿನ ಮುಂದೆ ಇಡೋಣ. ಎರಡರಲ್ಲಿಯೂ ಒಂದೇ ಸಮ ನೀರಿದೆ ಎಂದು ಮಗು ಒಪ್ಪುತ್ತದೆ. ಈಗ ಅದು ನೋಡುತ್ತಿರುವಂತೆಯೇ ಒಂದು ಲೋಟದ ನೀರನ್ನು ಉದ್ದವಾದ, ಕಿರಿದಾದ ಇನ್ನೊಂದು ಲೋಟಕ್ಕೆ ಸುರಿದು, "ಈಗ ಯಾವುದರಲ್ಲಿ ಹೆಚ್ಚು ನೀರಿದೆ?" ಎಂದು ಕೇಳೋಣ. ನಾಲ್ಕೈದು ವರ್ಷದ ಮಗು ಬಹುತೇಕ ಉದ್ದ ಲೋಟವನ್ನೇ ತೋರಿಸುತ್ತದೆ. ಏಳೆಂಟು ವರ್ಷದ ಮಗುವಾದರೋ, "ಎರಡೂ ಒಂದೇ" ಎಂದು ಹೇಳಿ, ಇಷ್ಟೂ ತಿಳಿಯದೆ ಎಂಬಂತೆ ನಮ್ಮ ಮುಖ ನೋಡುವುದುಂಟು.

ಈ ಪರೀಕ್ಷೆಯನ್ನು ಪ್ರಸಿದ್ಧಿಗೆ ತಂದವನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896-1980). ಸರಿಯಾದ ಉತ್ತರ ಕೊಟ್ಟ ಮಕ್ಕಳನ್ನು "ಹೇಗೆ ಗೊತ್ತಾಯಿತು?" ಎಂದು ಕೇಳಿದಾಗ ಅವರು ಮೂರು ಬಗೆಯ ಕಾರಣಗಳನ್ನು ಕೊಡುತ್ತಾರೆ. ನೀರನ್ನು ಸೇರಿಸಲೂ ಇಲ್ಲ, ತೆಗೆಯಲೂ ಇಲ್ಲ ಎಂಬುದು ಒಂದು. ಮರಳಿ ಹಳೆಯ ಲೋಟಕ್ಕೆ ಸುರಿದರೆ ಮೊದಲಿನಷ್ಟೇ ಬರುತ್ತದೆ ಎಂಬುದು ಇನ್ನೊಂದು. ಲೋಟ ಉದ್ದವಾದರೂ ಅಗಲ ಕಡಿಮೆ ಎಂಬುದು ಮೂರನೆಯದು.

ಈ ಮೂರನೆಯ ಕಾರಣವನ್ನು ಪ್ರೌಢಶಾಲೆಯ ಗಣಿತದಲ್ಲಿ ಹೇಳಬೇಕಾದರೆ, ನೀರಿನ ಗಾತ್ರವು ಲೋಟದ ತಳದ ವಿಸ್ತೀರ್ಣವನ್ನು ನೀರಿನ ಎತ್ತರದಿಂದ ಗುಣಿಸಿದಷ್ಟು. ತಳದ ವ್ಯಾಸವನ್ನು ಅರ್ಧಕ್ಕೆ ಇಳಿಸಿದರೆ ವಿಸ್ತೀರ್ಣ ನಾಲ್ಕನೆಯ ಒಂದು ಭಾಗವಾಗುತ್ತದೆ. ನೀರಿನ ಎತ್ತರ ನಾಲ್ಕರಷ್ಟು ಏರುತ್ತದೆ. ಗುಣಲಬ್ಧ ಮಾತ್ರ ಇದ್ದಷ್ಟೇ ಇರುತ್ತದೆ. ಸೂತ್ರವನ್ನು ಕಾಣದ ಮಗು ಒಂದರ ಏರಿಕೆಯನ್ನು ಇನ್ನೊಂದರ ಇಳಿಕೆ ಸರಿದೂಗಿಸುತ್ತದೆ ಎಂಬ ತತ್ತ್ವವನ್ನು ತನ್ನಷ್ಟಕ್ಕೆ ಹಿಡಿದುಕೊಂಡಿದೆ. ಸಣ್ಣ ಮಗುವಿನ ಗಮನವು ಎತ್ತರವೊಂದರ ಮೇಲೆಯೇ ನೆಟ್ಟಿರುವುದರಿಂದ ಅದಕ್ಕೆ ಇದು ತೋಚುವುದಿಲ್ಲ.

ಪಿಯಾಜೆಯ ನಿರ್ಣಯಗಳೆಲ್ಲವನ್ನೂ ಅನಂತರದ ಸಂಶೋಧಕರು ಹಾಗೆಯೇ ಒಪ್ಪಿಲ್ಲ. 1974ರಲ್ಲಿ ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಎಂಬುವರು ಇಂಥದೇ ಪರೀಕ್ಷೆಯನ್ನು ಬಿಲ್ಲೆಗಳ ಎರಡು ಸಾಲುಗಳಿಂದ ಮಾಡಿದರು. ಒಂದು ಸಾಲನ್ನು ಪರೀಕ್ಷಕನೇ ಕದಲಿಸುವ ಬದಲು, ತುಂಟ ಆಟಿಕೆ ಕರಡಿಯೊಂದು ಬಂದು ಕೆಡಿಸಿತೆಂದು ನಟಿಸಿದಾಗ, ನಾಲ್ಕರಿಂದ ಆರು ವರ್ಷದ ಮಕ್ಕಳಲ್ಲಿ ಸರಿಯುತ್ತರ ಕೊಟ್ಟವರ ಸಂಖ್ಯೆ ಬಹಳ ಹೆಚ್ಚಿತು. ದೊಡ್ಡವರು ಬೇಕೆಂದೇ ಏನನ್ನೋ ಮಾಡಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ, ತನ್ನ ಮೊದಲ ಉತ್ತರವನ್ನು ಬದಲಿಸಬೇಕೇನೋ ಎಂದು ಮಗು ಭಾವಿಸಬಹುದು. ಪ್ರಯೋಗದ ಫಲಿತಾಂಶವನ್ನು ಪ್ರಯೋಗ ಮಾಡುವ ಬಗೆಯೇ ಬದಲಿಸಬಲ್ಲದು ಎಂಬ ಎಚ್ಚರಿಕೆ ಪ್ರಯೋಗಶಾಲೆಗೆ ಸಲ್ಲುವಷ್ಟೇ ತರಗತಿಗೂ ಸಲ್ಲುತ್ತದೆ.

ಕಡ್ಡಿಯ ಕಟ್ಟು

ಇದೇ ಪ್ರಶ್ನೆ ಲೆಕ್ಕದಲ್ಲಿ ಬೇರೆ ವೇಷದಲ್ಲಿ ಬರುತ್ತದೆ. 42ರಿಂದ 17ನ್ನು ಕಳೆಯಬೇಕು ಎಂದಿಟ್ಟುಕೊಳ್ಳೋಣ. 35 ಎಂದು ಬರೆಯುವ ಮಕ್ಕಳು ಹಲವರು. ಇದು ಅಜಾಗರೂಕತೆಯ ತಪ್ಪಲ್ಲ. ಎರಡರಲ್ಲಿ ಏಳು ಹೋಗದು. ಆದುದರಿಂದ ಏಳರಲ್ಲಿ ಎರಡನ್ನು ಕಳೆದು ಐದು. ನಾಲ್ಕರಲ್ಲಿ ಒಂದು ಕಳೆದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂಬ ನಿಯಮವನ್ನು ಮಗು ನಿಷ್ಠೆಯಿಂದಲೇ ಪಾಲಿಸಿದೆ. ಆದರೆ 42 ಎಂಬುದು ಅದರ ಕಣ್ಣಿಗೆ ಪಕ್ಕಪಕ್ಕದಲ್ಲಿ ನಿಂತ ನಾಲ್ಕು ಮತ್ತು ಎರಡು. ನಾಲ್ಕು ಹತ್ತುಗಳೂ ಎರಡು ಬಿಡಿಗಳೂ ಸೇರಿದ ಒಂದು ಸಂಖ್ಯೆಯಾಗಿ ಅದು ಇನ್ನೂ ಕಂಡಿಲ್ಲ.

ಒಳ್ಳೆಯ ಉಪಾಧ್ಯಾಯಿನಿ ಇಲ್ಲಿ ಕಡ್ಡಿಗಳನ್ನು ಹೊರತೆಗೆಯುತ್ತಾಳೆ. ಹತ್ತು ಹತ್ತು ಕಡ್ಡಿಗಳನ್ನು ದಾರದಿಂದ ಕಟ್ಟಿದ ನಾಲ್ಕು ಕಟ್ಟುಗಳು, ಜೊತೆಗೆ ಎರಡು ಬಿಡಿ ಕಡ್ಡಿಗಳು. ಇದರಿಂದ ಏಳು ಬಿಡಿ ಕಡ್ಡಿಗಳನ್ನು ಕೊಡು ಎಂದರೆ ಮಗು ಕ್ಷಣಕಾಲ ತಡೆದು, ಬಳಿಕ ಒಂದು ಕಟ್ಟನ್ನು ಬಿಚ್ಚುತ್ತದೆ. ಈಗ ಮೂರು ಕಟ್ಟುಗಳು, ಹನ್ನೆರಡು ಬಿಡಿಗಳು. ಒಂದು ಕಟ್ಟನ್ನೂ ಏಳು ಬಿಡಿಗಳನ್ನೂ ತೆಗೆದರೆ ಉಳಿಯುವುದು ಎರಡು ಕಟ್ಟು, ಐದು ಬಿಡಿ - 25. "ಪಕ್ಕದ ಮನೆಯಿಂದ ಕಡ ತರುವುದು" ಎಂದು ನಾವೆಲ್ಲ ಬಾಯಿಪಾಠ ಮಾಡಿದ ಕ್ರಮದ ಅರ್ಥ ಇಷ್ಟೇ. ವಾಸ್ತವವಾಗಿ ಇಲ್ಲಿ ಯಾರೂ ಯಾರಿಂದಲೂ ಕಡ ತಂದಿಲ್ಲ. ಕಟ್ಟು ಬಿಚ್ಚಿತು; ಕಡ್ಡಿಗಳು ಅಷ್ಟೇ ಇವೆ. ಲೋಟ ಬದಲಾದರೂ ನೀರು ಬದಲಾಗದಂತೆ, ಜೋಡಣೆ ಬದಲಾದರೂ ಸಂಖ್ಯೆ ಬದಲಾಗಲಿಲ್ಲ.

ಈ ವಿಷಯದಲ್ಲಿ ಕನ್ನಡ ಮಕ್ಕಳಿಗೆ ನುಡಿಯೂ ಒಂದಿಷ್ಟು ನೆರವಾಗುತ್ತದೆ. ಇಪ್ಪತ್ತೊಂದು ಎಂಬ ಮಾತಿನಲ್ಲಿ ಇಪ್ಪತ್ತೂ ಇದೆ, ಒಂದೂ ಇದೆ. ಮೂವತ್ತು, ಐವತ್ತು, ಅರವತ್ತು, ಎಪ್ಪತ್ತು - ಇವುಗಳಲ್ಲಿ ಮೂರು, ಐದು, ಆರು, ಏಳುಗಳನ್ನೂ ಅವುಗಳ ಹಿಂದೆ ನಿಂತ ಹತ್ತನ್ನೂ ಕಿವಿ ಗುರುತಿಸಬಲ್ಲದು. ಆದರೂ ನುಡಿಯ ದಾರಿ ಅಂಕಿಯ ದಾರಿ ಎಲ್ಲ ಕಡೆಯೂ ಒಂದೇ ಅಲ್ಲ. "ನೂರ ಐದು" ಬರೆ ಎಂದರೆ ಕೆಲವು ಮಕ್ಕಳು 1005 ಎಂದು ಬರೆಯುತ್ತಾರೆ: ಕೇಳಿದಂತೆ ಮೊದಲು ನೂರನ್ನು ಬರೆದರು, ಅದರ ಮುಂದೆ ಐದನ್ನು ಇಟ್ಟರು. ಹತ್ತುಗಳು ಇಲ್ಲ ಎಂಬುದನ್ನು ಬಾಯಿ ಮಾತು ಹೇಳದೆ ಬಿಡುತ್ತದೆ. ಬರಹ ಹಾಗೆ ಬಿಡುವಂತಿಲ್ಲ. ಇಲ್ಲದಿರುವುದಕ್ಕೂ ಒಂದು ಗುರುತು ಬೇಕು. ಅದೇ ಸೊನ್ನೆ.

ಈ ಗುರುತನ್ನು ಕಂಡುಕೊಳ್ಳಲು ಮಾನವಕುಲಕ್ಕೆ ಬಹುಕಾಲ ಹಿಡಿಯಿತು. ರೋಮನರ ಬರಹದಲ್ಲಿ 1888 ಎಂಬ ಸಂಖ್ಯೆಗೆ 13 ಅಕ್ಷರಗಳು ಬೇಕು. ಅದರಲ್ಲಿ ಸ್ಥಾನಬೆಲೆಯೂ ಇಲ್ಲ, ಸೊನ್ನೆಯೂ ಇಲ್ಲ. ಭಾರತದಲ್ಲಿ ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ಸೊನ್ನೆಯನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟನು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಈ ಅಂಕಿಗಳ ಕ್ರಮವನ್ನು ಪೀಸಾ ನಗರದ ಲಿಯೊನಾರ್ಡೊ ಅರಬ್ಬರಿಂದ ಕಲಿತು, 1202ರಲ್ಲಿ ಬರೆದ ಗ್ರಂಥದ ಮೂಲಕ ಯೂರೋಪಿನವರಿಗೆ ವಿವರಿಸಿದನು. ಇಷ್ಟು ಶತಮಾನಗಳ ಫಲವನ್ನು ಏಳು ವರ್ಷದ ಮಗು ಕೆಲವೇ ತಿಂಗಳಲ್ಲಿ ಕರಗತ ಮಾಡಿಕೊಳ್ಳಬೇಕಾಗಿದೆ. ಅದು ಕೆಲವೊಮ್ಮೆ ಎಡವಿದರೆ ಆಶ್ಚರ್ಯವೇನು?

ಗೇಣಿನಿಂದ ಮೀಟರಿಗೆ

ಮೂರನೆಯ ಪಾಠ ಅಳತೆಯದು. ತರಗತಿಯ ಮೇಜೊಂದರ ಉದ್ದ 108 ಸೆಂಟಿಮೀಟರು ಎಂದು ಭಾವಿಸೋಣ. ಮಗುವಿನ ಗೇಣು 12 ಸೆಂಟಿಮೀಟರಿದ್ದರೆ ಮೇಜು ಒಂಬತ್ತು ಗೇಣು. ಉಪಾಧ್ಯಾಯಿನಿಯ ಗೇಣು 18 ಸೆಂಟಿಮೀಟರಿದ್ದರೆ ಅದೇ ಮೇಜು ಆರೇ ಗೇಣು. ಯಾರ ಉತ್ತರ ಸರಿ? ಇಬ್ಬರದೂ ಸರಿ. ಮೇಜು ಕುಗ್ಗಲಿಲ್ಲ, ಹಿಗ್ಗಲಿಲ್ಲ. ಅಳೆಯುವ ಮಾನ ದೊಡ್ಡದಾದಷ್ಟೂ ಎಣಿಕೆ ಚಿಕ್ಕದಾಯಿತು. ಒಂಬತ್ತನ್ನು ಹನ್ನೆರಡರಿಂದ ಗುಣಿಸಿದರೂ, ಆರನ್ನು ಹದಿನೆಂಟರಿಂದ ಗುಣಿಸಿದರೂ ಬರುವುದು 108. ಎಣಿಕೆ ಮತ್ತು ಮಾನ ಎರಡನ್ನೂ ಜೊತೆಯಾಗಿ ಹೇಳಿದಾಗ ಮಾತ್ರ ಅಳತೆಗೆ ಅರ್ಥವಿದೆ.

ಹೂ ಮಾರುವವರು ಮೊಳದ ಲೆಕ್ಕದಲ್ಲಿ ಮಲ್ಲಿಗೆ ಅಳೆದುಕೊಡುವುದನ್ನು ನಮ್ಮ ಪೇಟೆಗಳಲ್ಲಿ ಇಂದಿಗೂ ನೋಡಬಹುದು. ಕೈ ಚಿಕ್ಕದಾದರೆ ಹೂವೂ ಕಡಿಮೆ. ಇಂಥ ಅಳತೆಗಳ ತೊಡಕನ್ನು ನಿವಾರಿಸಲೆಂದೇ ಫ್ರಾನ್ಸಿನಲ್ಲಿ 1799ರಲ್ಲಿ ಪ್ಲಾಟಿನಂ ಲೋಹದ ಪ್ರಮಾಣ ಮೀಟರನ್ನು ಸ್ಥಾಪಿಸಿದರು. ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾಯಿದೆಯಾಯಿತು. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಇಂದು ಮೀಟರು ಯಾವ ಲೋಹದ ಪಟ್ಟಿಯನ್ನೂ ಅವಲಂಬಿಸಿಲ್ಲ. 1983ರಿಂದ, ನಿರ್ವಾತದಲ್ಲಿ ಬೆಳಕು ಒಂದು ಸೆಕೆಂಡಿನ 29,97,92,458ನೆಯ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು. ಯಾರು ಅಳೆದರೂ, ಎಲ್ಲಿ ಅಳೆದರೂ ಬದಲಾಗದ ಮಾನವನ್ನು ಹುಡುಕುತ್ತ ಮನುಷ್ಯನು ಕೈಬೆರಳಿನಿಂದ ಹೊರಟು ಬೆಳಕಿನವರೆಗೆ ನಡೆದಿದ್ದಾನೆ.

ಮಾನವನ್ನು ಮರೆತರೆ ಏನಾದೀತು? ಕಾಲೇಜಿನ ಪ್ರಯೋಗಶಾಲೆಯಲ್ಲಿ ಉತ್ತರ "5.2" ಎಂದಷ್ಟೇ ಬರೆದು ಪುಸ್ತಕ ಮುಚ್ಚುವ ವಿದ್ಯಾರ್ಥಿಗಳು ಅಪರೂಪವಲ್ಲ. ಅಲ್ಲಿ ಹೋಗುವುದು ಅರ್ಧ ಅಂಕ. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳುಹಿಸಿದ್ದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯೇ ಹೋಯಿತು. ನೌಕೆಯ ಸಣ್ಣ ರಾಕೆಟ್ಟುಗಳ ನೂಕಿನ ಲೆಕ್ಕವನ್ನು ಒಂದು ತಂಡದ ಗಣಕ ಕಾರ್ಯಕ್ರಮ ಪೌಂಡುಗಳ ಮಾನದಲ್ಲಿ ಕೊಟ್ಟಿತು. ಇನ್ನೊಂದು ತಂಡ ಅದನ್ನು ನ್ಯೂಟನ್ ಮಾನವೆಂದೇ ಬಗೆಯಿತು. ಒಂದು ಪೌಂಡು ಬಲ ಸುಮಾರು 4.45 ನ್ಯೂಟನ್ನುಗಳಿಗೆ ಸಮ. ನೌಕೆ ಗ್ರಹಕ್ಕೆ ತೀರ ಸಮೀಪ ಹೋಗಿ ಕೈತಪ್ಪಿತು. ಒಂಬತ್ತು ಗೇಣೂ ಆರು ಗೇಣೂ ಒಂದೇ ಮೇಜು ಹೇಗೆ ಎಂಬ ಪಾಠಕ್ಕೂ ಈ ಅವಘಡಕ್ಕೂ ಇರುವ ನಂಟು ದೂರದ್ದಲ್ಲ.

ಕೈಯಿಂದ ತಲೆಗೆ

ಈ ಮೂರು ಪಾಠಗಳಿಗೂ ಸಮಾನವಾದ ಒಂದು ಲಕ್ಷಣವಿದೆ. ಮಗು ಸುರಿಯಬೇಕು, ಬಿಚ್ಚಬೇಕು, ಕಟ್ಟಬೇಕು, ಅಳೆಯಬೇಕು. ಕರಿಹಲಗೆಯ ಮೇಲೆ ಬರೆದು ತೋರಿಸಿದ ಮಾತ್ರಕ್ಕೆ ಇವು ಬರುವುದಿಲ್ಲ. ನಮ್ಮ ರಾಜ್ಯದ ನಲಿಕಲಿ ಪದ್ಧತಿ ಇದನ್ನು ಅರಿತೇ ರೂಪುಗೊಂಡಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ಸಂಸ್ಥೆಯ ನೆರವಿನಿಂದ, ಆಂಧ್ರಪ್ರದೇಶದ ರಿಷಿವ್ಯಾಲಿಯಲ್ಲಿ ನಡೆಯುತ್ತಿದ್ದ ಪ್ರಯೋಗವನ್ನು ನೋಡಿ ಬಂದ ಸರಕಾರಿ ಶಾಲೆಯ ಉಪಾಧ್ಯಾಯರೇ ಇದನ್ನು ಆರಂಭಿಸಿದರು. ಪಾಠಗಳು ಚಿಕ್ಕ ಚಿಕ್ಕ ಕಾರ್ಡುಗಳಾದವು. ಕಾರ್ಡುಗಳ ಕ್ರಮ ಕಲಿಕೆಯ ಏಣಿಯಾಯಿತು. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕುಳಿತು, ಒಂದು ಗುಂಪು ಉಪಾಧ್ಯಾಯರ ಸಹಾಯದಿಂದ, ಇನ್ನೊಂದು ಗೆಳೆಯರ ಸಹಾಯದಿಂದ, ಮತ್ತೊಂದು ತಾನೇ ತಾನಾಗಿ ಕೆಲಸ ಮಾಡುತ್ತದೆ. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆಟಕುವ ಕರಿಹಲಗೆ. ತಲೆಯ ಮೇಲೆ ಹಗ್ಗಗಳ ಚಪ್ಪರ, ಅದರಿಂದ ತೂಗುವುದು ಅವರದೇ ಚಿತ್ರಗಳು. ಒಂದು ಕಡೆ ಇಂದು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ದಿನದಿನವೂ ಗುರುತು ಹಾಕುವ ಹವಾಮಾನದ ಪಟ್ಟಿ. ಈ ಕಡೆಯದನ್ನು ವೀಕ್ಷಣೆಯ ದಾಖಲೆ ಎಂದು ಕರೆದರೆ ಯಾವ ವಿಜ್ಞಾನಿಯೂ ಆಕ್ಷೇಪಿಸಲಾರನು. ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನ ಮೆಟ್ಟಿಲು ಎಂಬುದು ಈ ಏಣಿಯ ತತ್ತ್ವ.

ಇದರ ಮಹತ್ತ್ವ ತಿಳಿಯಬೇಕಾದರೆ ಮೆಟ್ಟಿಲು ತಪ್ಪಿದ ಮಗುವಿನ ಗತಿಯನ್ನು ನೆನೆಯಬೇಕು. ಕಟ್ಟು ಬಿಚ್ಚುವುದು ತಿಳಿಯದ ಮಗುವಿಗೆ ಮೂರನೆಯ ತರಗತಿಯ ಗುಣಾಕಾರ, ನಾಲ್ಕನೆಯ ತರಗತಿಯ ಭಾಗಾಕಾರ, ಬಳಿಕ ದಶಮಾಂಶ, ಎಲ್ಲವೂ ಅರ್ಥವಿಲ್ಲದ ಕಟ್ಟಳೆಗಳಾಗುತ್ತವೆ. ತರಗತಿ ಮುಂದೆ ಸಾಗುತ್ತದೆ. ಮಗು ಹಿಂದೆ ಉಳಿದದ್ದು ಹಲವು ವರ್ಷ ಯಾರಿಗೂ ಕಾಣುವುದಿಲ್ಲ. ಕೊನೆಗೆ "ನನಗೆ ಲೆಕ್ಕ ಬರುವುದಿಲ್ಲ" ಎಂದು ಅದು ತನ್ನನ್ನೇ ದೂಷಿಸಿಕೊಳ್ಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೊದಲೆರಡು ತರಗತಿಗಳನ್ನು ಶಾಲಾಪೂರ್ವದ ಮೂರು ವರ್ಷಗಳೊಡನೆ ಸೇರಿಸಿ ಬುನಾದಿಯ ಹಂತವೆಂದು ಕರೆದಿದೆ. 2021ರ ಜುಲೈಯಲ್ಲಿ ಆರಂಭವಾದ ನಿಪುಣ ಭಾರತ ಯೋಜನೆಯು ಎರಡನೆಯ ತರಗತಿಯ ಕೊನೆಗೆ 999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯುವುದನ್ನೂ 99ರವರೆಗಿನ ಸಂಖ್ಯೆಗಳನ್ನು ಕಳೆಯುವುದನ್ನೂ ಗುರಿಯಾಗಿ ಇಟ್ಟಿದೆ. ಗುರಿ ಸರಿಯಾದುದೇ. ಆದರೆ 25 ಎಂಬ ಉತ್ತರ ಬಂದಿತೆಂಬುದರಿಂದಲೇ ಗುರಿ ಮುಟ್ಟಿದಂತಾಗದು. ಕಟ್ಟು ಬಿಚ್ಚಿದ ಕಾರಣ ತಿಳಿದಿರಬೇಕು.

ವಾಚಕರಲ್ಲಿ ಹಲವರ ಮನೆಯಲ್ಲಿ ಈ ವಯಸ್ಸಿನ ತಮ್ಮನೋ ತಂಗಿಯೋ ಇರಬಹುದು. ಎರಡು ಲೋಟ ನೀರು, ಒಂದು ಹಿಡಿ ಕಡ್ಡಿ, ಒಂದಿಷ್ಟು ದಾರ ಇದ್ದರೆ ಮೇಲೆ ಹೇಳಿದ ಪ್ರಯೋಗಗಳನ್ನೆಲ್ಲ ಒಂದು ಸಂಜೆಯಲ್ಲಿ ಮಾಡಬಹುದು. ಉತ್ತರ ತಪ್ಪಾದರೆ ತಿದ್ದಲು ಅವಸರ ಪಡಬೇಡಿ. ಸರಿಯಾದರೆ ಶಹಭಾಸ್ ಎಂದು ಎದ್ದು ಹೋಗಲೂ ಬೇಡಿ. ಎರಡು ಸಂದರ್ಭದಲ್ಲಿಯೂ "ಹೇಗೆ ಗೊತ್ತಾಯಿತು?" ಎಂದು ಕೇಳಿ, ಮಗು ಹೇಳುವುದನ್ನು ಪೂರ್ತಿಯಾಗಿ ಆಲಿಸಿ. ಅದು ಕೊಡುವ ಕಾರಣವನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಆರು ತಿಂಗಳ ಅನಂತರ ಅದೇ ಪ್ರಯೋಗವನ್ನು ಮತ್ತೆ ಮಾಡಿ ಹೋಲಿಸಿ ನೋಡಬಹುದು.